ಸಾಲದ ಕಾಗದ ಓದಿ ಹೇಳುವವರು

ಹೋದ ವರ್ಷ ಆಫೀಸಿನಲ್ಲಿ ಊಟಕ್ಕೆ ಕೂತಿದ್ದಾಗ ಸಹೋದ್ಯೋಗಿಯೊಬ್ಬ ಮೊಬೈಲ್ ತೋರಿಸಿ, "ನೋಡ್ರೋ, ನಮ್ಮ ದೇಶದಲ್ಲಿ ನೂರಕ್ಕೆ 27 ಜನಕ್ಕೆ ಮಾತ್ರ ದುಡ್ಡಿನ ವಿಷಯ ಗೊತ್ತಂತೆ" ಅಂದ. 2019ರಲ್ಲಿ ರಾಷ್ಟ್ರೀಯ ಆರ್ಥಿಕ ಶಿಕ್ಷಣ ಕೇಂದ್ರ ನಡೆಸಿದ ಸಮೀಕ್ಷೆಯ ಅಂಕಿ ಅದು. 2013ರ ಸಮೀಕ್ಷೆಯಲ್ಲಿ 20 ಇತ್ತು. "ಹಳ್ಳಿ ಕಡೆ ಅಂತೂ ಕೇಳೋದೇ ಬೇಡ" ಅಂತ ಇನ್ನೊಬ್ಬ ಸೇರಿಸಿದ. ನಾನು ಗದಗ ಕಡೆಯ ಹಳ್ಳಿಯವನು ಅನ್ನೋದು ಅವನಿಗೆ ಮರೆತಿತ್ತೇನೋ. ನಾನು ಚಪಾತಿ ಮುರಿಯುತ್ತ ಸುಮ್ಮನಿದ್ದೆ. ಆದರೆ ವಿಷಯ ತಲೆಯಿಂದ ಹೋಗಲಿಲ್ಲ. ಸರ್ಕಾರ ಯಾವಾಗಿನಿಂದ ಜನರಿಗೆ ಬಡ್ಡಿ ಲೆಕ್ಕದ ಪರೀಕ್ಷೆ ಇಡೋಕೆ ಶುರು ಮಾಡಿತು? ಅದಕ್ಕಿಂತ ಮೊದಲು ಏನು ಕೇಳುತ್ತಿತ್ತು?

ಹುಡುಕುತ್ತ ಹಿಂದೆ ಹೋದರೆ 1875ಕ್ಕೆ ಬಂದು ನಿಲ್ಲಬೇಕಾಗುತ್ತದೆ. ಆ ವರ್ಷ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ಗಲಾಟೆ ಪುಣೆ, ಅಹಮದ್‌ನಗರ ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿತು. ಅವರು ಮುಖ್ಯವಾಗಿ ಕೇಳಿದ್ದು ಚಿನ್ನವನ್ನಲ್ಲ, ಜೋಳವನ್ನಲ್ಲ, ಸಾಲದ ಕಾಗದ ಮತ್ತು ಲೆಕ್ಕದ ವಹಿ. ಕೊಟ್ಟರೆ ಸುಟ್ಟು ಹಾಕಿದರು, ಕೊಡದಿದ್ದರೆ ಹೊಡೆದು ಕಸಿದುಕೊಂಡರು. ಹತ್ತು ವರ್ಷ ಹಿಂದೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತು, ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಆಗ ಸಾಹುಕಾರರು ಕರೆದು ಕರೆದು ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು, ಸಾಲ ಕೊಡುವ ಕೈ ಹಿಂದೆ ಸರಿಯಿತು, ಹಳೆಯ ಕಾಗದಗಳು ಮಾತ್ರ ಉಳಿದವು. ಕಂದಾಯ ಬೇರೆ ಏರಿತ್ತು. (ಸಾಲ ಸಲೀಸಾಗಿ ಸಿಕ್ಕು, ಆಮೇಲೆ ಒಂದೇ ಸಲಕ್ಕೆ ನಿಲ್ಲುವ ಈ ಕಥೆ ಐಟಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.)

ಸರ್ಕಾರ ಒಂದು ಆಯೋಗ ನೇಮಿಸಿತು. ಜನರನ್ನು ಕೇಳಿ, ಅಂಕಿ ಕೂಡಿಸಿ ಅದು ಕೊಟ್ಟ ವರದಿ 1878ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂತು. ಕಂದಾಯದ ತಪ್ಪನ್ನು ಮುಚ್ಚಿಟ್ಟು ಎಲ್ಲವನ್ನೂ ಸಾಹುಕಾರನ ತಲೆಗೆ ಕಟ್ಟಿದ ವರದಿ ಅದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಬೆನ್ನಿಗೆ 1879ರಲ್ಲಿ ಬಂದ ದಖ್ಖನ್ ರೈತರ ಪರಿಹಾರ ಕಾಯ್ದೆ ಓದಿದಾಗ ಒಂದು ಕಡೆ ನಿಂತುಬಿಟ್ಟೆ. ರೈತ ಬರೆದುಕೊಡುವ ಸಾಲಪತ್ರ ಗ್ರಾಮ ರಿಜಿಸ್ಟ್ರಾರ್ ಎದುರಿಗೇ ಆಗಬೇಕು. ಆತ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು, ಬರೆದುಕೊಡುವವನಿಗೆ ಅರ್ಥವಾಗಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೇ ರುಜು ಹಾಕಿಸಬೇಕು. ಜಗಳ ಕೋರ್ಟಿಗೆ ಹೋದರೆ ನ್ಯಾಯಾಧೀಶ ಕಾಗದದಲ್ಲಿರುವ ಮೊತ್ತವನ್ನಷ್ಟೇ ನೋಡದೆ, ಅಸಲು ಎಷ್ಟು, ಬಡ್ಡಿ ಎಷ್ಟು ಅಂತ ಬುಡದಿಂದ ಕೆದಕಬಹುದು. ಕಾಯ್ದೆ ಮೊದಲು ಬಂದದ್ದು ನಾಲ್ಕು ಜಿಲ್ಲೆಗಳಿಗೆ ಮಾತ್ರ. ಸಾಹುಕಾರರೂ ದಾರಿ ಕಂಡುಕೊಂಡರು, ಸಾಲವನ್ನೇ ಹೊಲದ ಮಾರಾಟ ಅಂತ ಬರೆಸತೊಡಗಿದರು. ಅದೇನೇ ಇರಲಿ, ಓದು ಬರದವನು ದಡ್ಡ, ಅವನಿಗೆ ಪಾಠ ಹೇಳೋಣ ಅಂತ ಆ ಕಾಯ್ದೆ ಹೊರಡಲಿಲ್ಲ. ಓದಿ ಹೇಳುವ ಕೆಲಸವನ್ನು ಸರ್ಕಾರದ ಮನುಷ್ಯನ ಹೆಗಲಿಗೆ ಹಾಕಿತು.

ಇದಾಗಿ ಕಾಲು ಶತಮಾನಕ್ಕೆ, 1904ರಲ್ಲಿ, ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ನಮ್ಮ ಕಡೆ ಎಲ್ಲರಿಗೂ ಗೊತ್ತು. ಸಾಹುಕಾರನಿಗೆ ಬದಲು ಸೊಸೈಟಿ ಅನ್ನೋದು ಆಗಿನ ಕನಸು.

ಆ ಕನಸು ಎಷ್ಟು ದೂರ ಬಂತು ಅಂತ ಸರಿಯಾಗಿ ಅಳೆದು ನೋಡಿದ್ದು ಸ್ವಾತಂತ್ರ್ಯ ಬಂದ ಮೇಲೆ. ರಿಸರ್ವ್ ಬ್ಯಾಂಕ್ 1951–52ರಲ್ಲಿ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ನಡೆಸಿತು. 75 ಜಿಲ್ಲೆ, 600 ಹಳ್ಳಿ, 1,27,343 ಕುಟುಂಬ. ಕಂಪ್ಯೂಟರ್ ಇಲ್ಲದ ಕಾಲ, ಮನೆ ಮನೆಗೆ ಹೋಗಿ ಕೈಯಲ್ಲಿ ಬರೆದದ್ದು. ಡೇಟಾ ಜೊತೆಗೇ ಹೊಟ್ಟೆ ಹೊರೆಯುವ ನನಗೆ ಆ ಕೋಷ್ಟಕ ನೋಡಿದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ. ಎ.ಡಿ. ಗೋರ್ವಾಲಾ ಅಧ್ಯಕ್ಷರು, ಡಿ.ಆರ್. ಗಾಡ್ಗೀಳ್, ಬಿ. ವೆಂಕಟಪ್ಪಯ್ಯ, ಎನ್.ಎಸ್.ಆರ್. ಶಾಸ್ತ್ರಿ ಸದಸ್ಯರು. ರೈತ ತಂದ ಸಾಲ ನೂರು ರೂಪಾಯಿ ಅಂದುಕೊಂಡರೆ, ವೃತ್ತಿಪರ ಲೇವಾದೇವಿಗಾರನಿಂದ 44.8, ಲೇವಾದೇವಿ ಮಾಡುವ ದೊಡ್ಡ ರೈತನಿಂದ 24.9, ನೆಂಟರಿಂದ 14.2. ಸರ್ಕಾರದಿಂದ 3.3. ಸೊಸೈಟಿಯಿಂದ 3.1. ಬ್ಯಾಂಕಿನಿಂದ ಒಂದು ರೂಪಾಯಿಯೂ ಇಲ್ಲ, 0.9!

ಸಹಕಾರ ಸೋತಿದೆ ಅಂತ ಸಮಿತಿ ಒಪ್ಪಿಕೊಂಡಿತು, ಆದರೂ ಅದು ಗೆಲ್ಲಲೇಬೇಕು ಅಂತ ಹಟ ಹಿಡಿಯಿತು. ಸೊಸೈಟಿಯ ದುಡ್ಡು ಸಣ್ಣವರಿಗೆ ಮುಟ್ಟುತ್ತಿಲ್ಲ ಅಂತಲೂ ಬರೆಯಿತು. ಗಮನಿಸಿ, 3.1 ಬಂದಿದ್ದಕ್ಕೆ ರೈತನಿಗೆ ತಿಳಿವಳಿಕೆ ಕಡಿಮೆ ಅನ್ನೋ ತೀರ್ಮಾನಕ್ಕೆ ಹೋಗಲಿಲ್ಲ, ಸಾಲ ಕೊಡುವ ವ್ಯವಸ್ಥೆಯೇ ಸರಿಯಿಲ್ಲ ಅಂದಿತು. ಅದರ ಫಲವಾಗಿ ಇಂಪೀರಿಯಲ್ ಬ್ಯಾಂಕ್ 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಯಿತು, ಐದು ವರ್ಷದಲ್ಲಿ 400 ಶಾಖೆ ತೆರೆಯಬೇಕು ಅನ್ನೋ ಷರತ್ತಿನ ಮೇಲೆ. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ. ಇಂಥ ಸಮೀಕ್ಷೆ ಸುಮಾರು ಹತ್ತು ವರ್ಷಕ್ಕೊಮ್ಮೆ ಮುಂದುವರಿಯಿತು. 1981ರ ಹೊತ್ತಿಗೆ ಹಳ್ಳಿಯ ಸಾಲದಲ್ಲಿ ಬ್ಯಾಂಕು, ಸೊಸೈಟಿ, ಸರ್ಕಾರದ ಪಾಲು ಸುಮಾರು 61ಕ್ಕೆ ಏರಿತ್ತು, 1991ಕ್ಕೆ 64. 2002ರಲ್ಲಿ 57ಕ್ಕೆ ಇಳಿಯಿತು.

ಅಂದರೆ ಸಾಹುಕಾರ ವಾಪಸು ಬಂದಿದ್ದ. ನಾನು ಹೈಸ್ಕೂಲಿನಲ್ಲಿದ್ದ ಕಾಲ ಅದು. ಅಪ್ಪ ಬೀಜಕ್ಕೆ, ಗೊಬ್ಬರಕ್ಕೆ ದಲಾಲರ ಅಂಗಡಿಯಲ್ಲಿ ನೂರಕ್ಕೆ ಮೂರರಂತೆ ತರುತ್ತಿದ್ದ. ತಿಂಗಳಿಗೆ ಮೂರು.

ಓದಿಗೆ ಸಾಲ ಅನ್ನೋದರ ಕಥೆ ಬೇರೆ. 1963ರಲ್ಲಿ ಕೇಂದ್ರ ಸರ್ಕಾರ ಬಡ್ಡಿ ಇಲ್ಲದ ಸಾಲ ವಿದ್ಯಾರ್ಥಿವೇತನ ಶುರು ಮಾಡಿತ್ತು. ಓದಿದವನು ಮೇಷ್ಟ್ರಾದರೆ ವರ್ಷಕ್ಕೆ ಹತ್ತನೇ ಒಂದು ಪಾಲು ಮನ್ನಾ. ಎಷ್ಟು ಚಂದದ ಷರತ್ತು! ಆದರೆ ಕೊಟ್ಟದ್ದು ಹುಟ್ಟಲಿಲ್ಲ, 1991ರಲ್ಲಿ ನಿಂತುಹೋಯಿತು. ಆಮೇಲೆ ಆ ಕೆಲಸ ಬ್ಯಾಂಕುಗಳ ಪಾಲಿಗೆ ಬಂತು. ಕೆನರಾ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಆರ್.ಜೆ. ಕಾಮತ್ ನೇತೃತ್ವದ ಅಧ್ಯಯನ ತಂಡದ ವರದಿ ಆಧರಿಸಿ 2001ರಲ್ಲಿ ಮಾದರಿ ಶಿಕ್ಷಣ ಸಾಲ ಯೋಜನೆ ಬಂತು. ದೇಶದೊಳಗೆ ಓದಲು 7.5 ಲಕ್ಷದವರೆಗೆ, ಹೊರದೇಶಕ್ಕೆ 15 ಲಕ್ಷದವರೆಗೆ. 4 ಲಕ್ಷದ ಒಳಗಾದರೆ ಯಾವ ಆಸ್ತಿಯನ್ನೂ ಒತ್ತೆ ಇಡಬೇಕಾಗಿಲ್ಲ.

2005ರಲ್ಲಿ ಬಿಇ ಸೀಟು ಸಿಕ್ಕಾಗ ನಾವು ಕೇಳಿದ್ದು 1 ಲಕ್ಷ 60 ಸಾವಿರ. ಯಾವ ಬ್ಯಾಂಕು ಅಂತ ಬೇಡ. "ಹೊಲದ ಉತಾರ ತಂದೀರೇನು?" ಅನ್ನೋದೇ ಮ್ಯಾನೇಜರರ ಮೊದಲ ಪ್ರಶ್ನೆ. ಬೇಕಾಗಿಲ್ಲ ಅನ್ನೋ ನಿಯಮ ನನಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ಮೂರು ಎಕರೆಯ ಉತಾರದ ಮೇಲೆ ಬ್ಯಾಂಕಿನ ಬೋಜಾ ಏರಿತು. ಇಂಗ್ಲಿಷಿನಲ್ಲಿದ್ದ ಕಾಗದದ ಕಟ್ಟಿಗೆ ಪೆನ್ಸಿಲ್ ಗುರುತು ಹಾಕಿದಲ್ಲೆಲ್ಲ ನಾನು, ಅಪ್ಪ ಸಹಿ ಮಾಡಿದೆವು. ಓದುವ ನಾಲ್ಕು ವರ್ಷವೂ ಬಡ್ಡಿ ಓಡುತ್ತಿರುತ್ತದೆ ಅಂತ ಯಾರೂ ಹೇಳಲಿಲ್ಲ. "ಕಂತು ಕೆಲಸ ಸಿಕ್ಕಮ್ಯಾಲ" ಅಂದಿದ್ದರು, ಬಡ್ಡಿಯೂ ಆಮೇಲೇ ಅಂತ ನಾವು ತಿಳಿದಿದ್ದೆವು. ಮೊದಲ ಕಂತಿನ ಚೀಟಿ ನೋಡಿದಾಗ ಗೊತ್ತಾಯಿತು. 1879ರ ಆ ರಿಜಿಸ್ಟ್ರಾರ್ ಅಲ್ಲಿ ಕೂತಿದ್ದರೆ ಅಂತ ಈಗ ಅನ್ನಿಸುತ್ತದೆ.

ಬಡ ಮನೆಯವರಿಗೆ ಓದುವ ಕಾಲದ ಬಡ್ಡಿಯನ್ನು ಸರ್ಕಾರವೇ ಕಟ್ಟುವ ಯೋಜನೆ 2009–10ರ ಶೈಕ್ಷಣಿಕ ವರ್ಷದಿಂದ ಬಂತು. ನನ್ನ ಓದು ಮುಗಿದದ್ದು 2009ರಲ್ಲಿ. ಹಟ ಹಿಡಿದು 2012ರಲ್ಲಿ ಸಾಲ ತೀರಿಸಿದೆ. 2014ರ ಮಧ್ಯಂತರ ಬಜೆಟ್ಟಿನಲ್ಲಿ, 2009ರ ಮಾರ್ಚ್ ಒಳಗೆ ಸಾಲ ತೆಗೆದು ಇನ್ನೂ ಬಾಕಿ ಉಳಿಸಿಕೊಂಡವರ ಬಡ್ಡಿ ಬಾಕಿಯನ್ನು ತಾನೇ ಹೊರುತ್ತೇನೆ ಅಂತ ಸರ್ಕಾರ ಹೇಳಿತು. ನಕ್ಕು ಸುಮ್ಮನಾದೆ. ಬೋಜಾ ಇಳಿಸಲು ಮಾತ್ರ ಅಪ್ಪ ಆರು ತಿಂಗಳು ತಹಸೀಲ್ದಾರ್ ಕಚೇರಿಗೆ ಅಲೆದ.

ಈಗಿನ ಆರ್ಥಿಕ ಸಾಕ್ಷರತೆ ಸಮೀಕ್ಷೆಗಳು ಅಳೆಯುವುದು ಸಾಮಾನ್ಯನ ಜ್ಞಾನ, ನಡವಳಿಕೆ, ಮನೋಭಾವ. ಮ್ಯಾನೇಜರ್ ಕಾಗದ ಓದಿ ಹೇಳಿದನೇ ಅನ್ನೋದಕ್ಕೆ ಅಲ್ಲಿ ಅಂಕವಿಲ್ಲ. ಜಗತ್ತಿನ ಎಲ್ಲ ಕಡೆ ಓಡಾಡಿರುವ ಒಂದು ಹೆಸರಾಂತ ಪ್ರಶ್ನೆಯಿದೆ, ಅಮೆರಿಕದಲ್ಲಿ ಲುಸಾರ್ಡಿ ಮತ್ತು ಮಿಚೆಲ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ರೂಪಿಸಿದ್ದು. ಖಾತೆಯಲ್ಲಿ ನೂರು ಡಾಲರ್ ಇದೆ, ವರ್ಷಕ್ಕೆ ಬಡ್ಡಿ ನೂರಕ್ಕೆ ಎರಡು, ಐದು ವರ್ಷಕ್ಕೆ 102ಕ್ಕಿಂತ ಹೆಚ್ಚಾಗುತ್ತದೋ, ಸರಿಯಾಗಿ 102 ಆಗುತ್ತದೋ, ಕಡಿಮೆಯೋ?

ಡಾಲರನ್ನು ರೂಪಾಯಿ ಮಾಡಿ ಅಪ್ಪನಿಗೆ ಫೋನಿನಲ್ಲಿ ಕೇಳಿದೆ.

"ನೂರಕ್ಕ ಎರಡಾ? ವರ್ಷಕ್ಕಾ?" ಅಂದ. "ಅಷ್ಟ್ ಕಡಿಮಿಗೆ ಯಾರ್ ಕೊಡ್ತಾರಲೇ?"

ಸಾಲ ಅಲ್ಲ ಅಪ್ಪಾ, ನೀನೇ ಇಟ್ಟ ದುಡ್ಡು ಅಂತ ಹೇಳಿದೆ.

"ಹಂಗಾರ ಅಲ್ಲ್ಯಾಕ ಇಡ್ಲಿ?" ಅಂದು, ಮಳೆ ಹೆಂಗೈತಿ ಬೆಂಗಳೂರಾಗ ಅಂತ ಕೇಳಿದ.