ಹೆದ್ದಾರಿಗೊಂದು ಬಾಗಿಲು

ಹೆದ್ದಾರಿ ಮನೆಯ ಹಿತ್ತಲಲ್ಲೇ ಹಾದುಹೋಗಿದ್ದರೂ ಅದನ್ನು ಹತ್ತಲು ಮೂರು ನಾಲ್ಕು ಮೈಲಿ ಸುತ್ತಬೇಕಾದ ಊರುಗಳು ಲೋಕದಲ್ಲಿ ಬೇಕಾದಷ್ಟಿವೆ. ರುಸೈಲ್, ಸೀಬ್, ಅಲ್ ಖೂದ್ ಕಡೆ ವಾಸವಾಗಿರುವ ನಮ್ಮ ಸದಸ್ಯ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುರುವಾರ ಸಂಜೆ ರಾಜಧಾನಿಯಲ್ಲಿ ಕೆಲಸ ಮಾಡುವ ಒಮಾನಿಗಳು ಫಂಜಾ, ಬಿದ್‌ಬಿದ್ ದಾಟಿ ನಿಜ್ವಾ ಕಡೆಯ ತಮ್ಮ ಊರುಗಳಿಗೆ ಹೊರಡುತ್ತಾರೆ. ಕಾರ್ಖಾನೆಗಳ ಲಾರಿಗಳೂ ಅದೇ ಹೊತ್ತಿಗೆ ರಸ್ತೆಗಿಳಿಯುತ್ತವೆ. (ವಾರದ ರಜೆ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬದಲಾದದ್ದು 2013ರ ಮೇ ತಿಂಗಳಲ್ಲಿ. ಅದಕ್ಕೂ ಮುಂಚೆ ಈ ಜಾತ್ರೆ ಬುಧವಾರ ನಡೆಯುತ್ತಿತ್ತು.) ಬಡಾವಣೆಯ ಒಳದಾರಿಗಳೆಲ್ಲ ಒಂದೇ ವೃತ್ತಕ್ಕೆ ಬಂದು ಬೀಳುವುದರಿಂದ, ದೂರ ಹೋಗುವವನೂ ಹಾಲು ತರಲು ಹೊರಟವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇನ್ನೊಂದು ದಾರಿ ಬಿಡಬಾರದೇ ಎಂದು ಅನ್ನದ ಮನೆ ಇಲ್ಲ. ಈ ಬೇಡಿಕೆಗೆ ಒಂದು ಚರಿತ್ರೆ ಇದೆ. ಅದನ್ನು ತಿಳಿದಷ್ಟರ ಮಟ್ಟಿಗೆ ವಾಚಕರ ಮುಂದಿಡುತ್ತೇವೆ.

ಈ ನಾಡಿನಲ್ಲಿ ಬಾಗಿಲು ಎಂಬ ಮಾತು ಬರಿಯ ಉಪಮೆಯಲ್ಲ. 1970ರವರೆಗೂ ಮಸ್ಕತ್ ನಗರದ ಕೋಟೆ ಬಾಗಿಲನ್ನು ಸೂರ್ಯಾಸ್ತವಾದ ಮೂರು ಗಂಟೆಗೆ ಮುಚ್ಚುತ್ತಿದ್ದರು. ಆಮೇಲೆ ಬೀದಿಗಿಳಿಯುವವನು ಕೈಯಲ್ಲಿ ಲಾಂದ್ರ ಹಿಡಿದಿರಬೇಕಿತ್ತು. ಆ ವರ್ಷ ಇಡೀ ದೇಶದಲ್ಲಿ ಇದ್ದ ಡಾಂಬರು ರಸ್ತೆ ಹತ್ತು ಕಿಲೋಮೀಟರು ಮಾತ್ರ. ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದ ಮೇಲೆ ರಸ್ತೆ ಮೊದಲು ಬಂತು, ಊರು ಅದರ ಹಿಂದೆ ಬಂತು. ದೇಶದ ಮೊದಲ ಕೈಗಾರಿಕಾ ವಸಾಹತು ರುಸೈಲಿನಲ್ಲಿ 1983ರಲ್ಲಿ ಸ್ಥಾಪನೆಯಾಯಿತು. ಹತ್ತಿರದ ಅಲ್ ಖೂದ್‌ನಲ್ಲಿ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾನಿಲಯ 1986ರಲ್ಲಿ ಬಾಗಿಲು ತೆರೆಯಿತು. ಕಾರ್ಖಾನೆ, ವಿಶ್ವವಿದ್ಯಾನಿಲಯ, ವಸತಿ ಒಂದರ ಮಗ್ಗುಲಿಗೆ ಒಂದು ಬೆಳೆದು ಎಲ್ಲಕ್ಕೂ ಅದೇ ಹೆದ್ದಾರಿ ಆಧಾರವಾಯಿತು. ಹೀಗೆ ಬೆಳೆದ ಕಡೆ ಇಕ್ಕಟ್ಟಾಗುವುದು ಯಾರ ತಪ್ಪೂ ಅಲ್ಲ. ಆದರೆ ಇಕ್ಕಟ್ಟನ್ನು ಯಾರ ಬಳಿ ಹೇಳಿಕೊಳ್ಳುವುದು? ಒಮಾನಿನಲ್ಲಿ 1991ರಿಂದ ಶೂರಾ ಮಂಡಲಿ ಇದೆ. ಪೌರ ಮಂಡಲಿಗಳಿಗೆ ದೇಶಾದ್ಯಂತ ಮೊದಲ ಚುನಾವಣೆ ನಡೆದದ್ದು 2012ರ ಡಿಸೆಂಬರಿನಲ್ಲಿ. ರಸ್ತೆ, ಚರಂಡಿಗಳ ಮಾತು ಅಲ್ಲಿ ಆಡಬಹುದು. ನಮ್ಮಂಥ ಪರದೇಶಿಗಳಿಗೆ ಮತವಿಲ್ಲ. ಆದ್ದರಿಂದ ಬೇಡಿಕೆಯ ನಿಜವಾದ ಕಥೆಗೆ ನಾವು ನಮ್ಮ ಮೈಸೂರು ರಸ್ತೆಗೇ ಹೋಗಬೇಕು.

ಅದಕ್ಕೆ ಮುಂಚೆ ಒಂದು ಮಾತು. ಹತ್ತುವ ಇಳಿಯುವ ಜಾಗಗಳನ್ನು ಎಣಿಸಿಯೇ ಇಡುವ ರಸ್ತೆ ಇಂಜಿನಿಯರುಗಳ ಜಿಪುಣತನದಿಂದ ಹುಟ್ಟಿದ್ದಲ್ಲ. 1924ರಲ್ಲಿ ಇಟಲಿಯ ಮಿಲಾನಿನಿಂದ ಸರೋವರಗಳ ಕಡೆಗೆ ಪಿಯೆರೊ ಪುರಿಚೆಲ್ಲಿ ಮೋಟಾರು ವಾಹನಗಳಿಗೇ ಮೀಸಲಾದ ಸುಂಕದ ರಸ್ತೆಯನ್ನು ತೆರೆಸಿದಾಗ, ಎತ್ತಿನ ಗಾಡಿಯೂ ಪಾದಚಾರಿಯೂ ಅಡ್ಡ ಬಾರದಿರುವುದೇ ಅದರ ಗುಣವಾಗಿತ್ತು. ಎರಡು ಬಾಗಿಲುಗಳು ತೀರ ಹತ್ತಿರವಿದ್ದರೆ ಒಳನುಗ್ಗುವ ವಾಹನವೂ ಹೊರಗೆ ಸರಿಯುವ ವಾಹನವೂ ಒಂದರ ದಾರಿಯನ್ನು ಇನ್ನೊಂದು ಕತ್ತರಿಸುತ್ತವೆ. ವೇಗ ಬೀಳುತ್ತದೆ, ಅಪಘಾತ ಹೆಚ್ಚುತ್ತದೆ. ಹಾಗೆಂದು ಬಾಗಿಲು ತೀರ ಕಡಿಮೆಯಾದರೆ ಎಲ್ಲ ಭಾರವೂ ಇರುವ ಒಂದೆರಡರ ಮೇಲೆ ಬೀಳುತ್ತದೆ. ನಮ್ಮ ರಸಾಯನಶಾಸ್ತ್ರದಲ್ಲಿ, ಹಲವು ಹಂತಗಳಲ್ಲಿ ನಡೆಯುವ ಕ್ರಿಯೆಯ ವೇಗವನ್ನು ಅದರ ಅತಿ ನಿಧಾನವಾದ ಹಂತವೇ ನಿರ್ಧರಿಸುತ್ತದೆ ಎನ್ನುತ್ತೇವೆ. ರಸ್ತೆಯನ್ನು ಆರು ಪಥ ಮಾಡಿ ಇಳಿಯುವ ಕಡೆ ಒಂದೇ ಗಾಡಿ ಹಿಡಿಸುವಷ್ಟು ಜಾಗ ಬಿಟ್ಟರೆ ಆರು ಪಥದಿಂದ ಇಳಿಯುವವನಿಗೆ ಬಂದ ಲಾಭವೇನು?

ಬೆಂಗಳೂರು-ಮೈಸೂರು ದಾರಿಯ ಊರುಗಳು ನಿಲುಗಡೆಯಿಂದಲೇ ಬದುಕಿದ ಊರುಗಳು. ರೈಲು 1882ರಲ್ಲಿ ಮೈಸೂರು ಮುಟ್ಟಿತು. ಮದ್ದೂರು ವಡೆ 1917ರಲ್ಲಿ ಅಲ್ಲಿನ ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬುವರ ಕೈಯಲ್ಲಿ ಹುಟ್ಟಿತೆಂದು ಹೇಳುತ್ತಾರೆ. ರೈಲು ನಿಲ್ಲದಿದ್ದರೆ ವಡೆಯೂ ಇಲ್ಲ ಎಂಬುದನ್ನು ಗಮನಿಸಬೇಕು. ಮುಂದೆ ಬಸ್ಸು, ಕಾರುಗಳ ಕಾಲ ಬಂದಾಗ ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬಣ್ಣದ ಗೊಂಬೆ, ಮದ್ದೂರಿನ ಎಳನೀರು ಎಲ್ಲವೂ ರಸ್ತೆಬದಿಗೆ ಬಂದು ಕುಳಿತವು. ಅದೇ ಕಾರಣಕ್ಕೆ ರಸ್ತೆಯೂ ಕಟ್ಟಿಕೊಂಡಿತು. ರಾಮನಗರ, ಮಂಡ್ಯಗಳ ಪೇಟೆಯೊಳಗೆ ಸಿಕ್ಕಿಬಿದ್ದ ಅನುಭವ ನಮ್ಮಲ್ಲಿ ಯಾರಿಗಿಲ್ಲ!

ಪರಿಹಾರದ ಪ್ರಯತ್ನವೂ ಹಳೆಯದೇ. ಬೆಂಗಳೂರು-ಮೈಸೂರು ಕಾರಿಡಾರ್ ಯೋಜನೆಯ ಮೂಲ ಒಪ್ಪಂದವಾದದ್ದು 1997ರಲ್ಲಿ. ರಸ್ತೆಯ ಜೊತೆಗೆ ಹೊಸ ಪಟ್ಟಣಗಳನ್ನೂ ಕಟ್ಟುವ ಕನಸು ಅದು. ಬೆಂಗಳೂರಿನ ಸುತ್ತಿನ ನೈಸ್ ರಸ್ತೆ ಆಯಿತು, ಮೈಸೂರಿನವರೆಗಿನ ರಸ್ತೆ ಮೊಕದ್ದಮೆಗಳಲ್ಲಿ ಮುಳುಗಿತು. ಕೊನೆಗೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಹಳೆಯ ರಸ್ತೆಯನ್ನೇ ಅಗಲಿಸಿ, ಊರುಗಳ ಹೊರಗೆ ಬೈಪಾಸ್ ಹಾಕಿ, 118 ಕಿಲೋಮೀಟರಿನ ಹೊಸ ಹೆದ್ದಾರಿ ಮಾಡಿತು. 2023ರ ಮಾರ್ಚ್ 12ರಂದು ಪ್ರಧಾನಮಂತ್ರಿಗಳು ಅದನ್ನು ಉದ್ಘಾಟಿಸಿದರು. ರಾಮನಗರ-ಚನ್ನಪಟ್ಟಣದ ಬೈಪಾಸ್ ಒಂದೇ ಸುಮಾರು 22 ಕಿಲೋಮೀಟರು. (ಕ್ಲೋಸ್‌ಪೇಟೆಯಾಗಿದ್ದ ಊರು ರಾಮನಗರವಾಯಿತು, ಈಗ 2025ರಿಂದ ಆ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ. ಹೆಸರು ಬದಲಾಯಿಸುವುದು ರಸ್ತೆಗೆ ಬಾಗಿಲು ತೆರೆಸುವುದಕ್ಕಿಂತ ಸುಲಭವೆಂದು ಕಾಣುತ್ತದೆ.)

ಮೈಸೂರಿಗೆ ಹೋಗುವವರು ಸಂತೋಷಪಟ್ಟರು. ಪ್ರಯಾಣದ ಹೊತ್ತು ಅರ್ಧದಷ್ಟಾಯಿತು. ನಡುವಿನ ಊರುಗಳವರ ಲೆಕ್ಕ ಬೇರೆ. ಹಳೆಯ ರಸ್ತೆಯ ಹೋಟೆಲು, ಗೊಂಬೆ ಅಂಗಡಿಗಳು ಬಣಗುಟ್ಟಿದವು. ಬೈಪಾಸಿಗೆ ಹತ್ತಬೇಕಾದ ಸ್ಥಳೀಯರು ದೂರದ ಸೇರುವೆಗೆ ಹೋಗಬೇಕಾದ್ದರಿಂದ ಪೇಟೆಯೊಳಗಿನ ಇಕ್ಕಟ್ಟು ಎಣಿಸಿದಷ್ಟು ಕರಗಲಿಲ್ಲ. ಸುಂಕ ವಸೂಲಿ ಉದ್ಘಾಟನೆಯಾದ ಎರಡೇ ದಿನಕ್ಕೆ ಬಿಡದಿಯ ಬಳಿ ಆರಂಭವಾಯಿತು, ಜುಲೈ 1ರಿಂದ ಶ್ರೀರಂಗಪಟ್ಟಣದ ಬಳಿಯ ಗಣಂಗೂರಿನಲ್ಲೂ. ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರಾಕ್ಟರುಗಳಿಗೆ ಮುಖ್ಯ ಪಥ ನಿಷಿದ್ಧವಾಯಿತು. ಅಪಘಾತಗಳನ್ನು ನೋಡಿದರೆ ಆ ನಿಷೇಧ ಸರಿಯೆಂದೇ ನಮ್ಮ ಅಭಿಪ್ರಾಯ. ಆದರೆ ಗದ್ದೆ ಒಂದು ಕಡೆ, ಮನೆ ಇನ್ನೊಂದು ಕಡೆ ಇರುವ ರೈತನಿಗೆ ಬದಲು ದಾರಿ ಕೊಟ್ಟ ಮೇಲಲ್ಲವೇ ಬೇಲಿ ಹಾಕಬೇಕಾದ್ದು? ಬೇಲಿ ಕಿತ್ತು ಜೀವದಾಸೆ ಬಿಟ್ಟು ದಾಟಿದವರನ್ನು ತಿಳಿಗೇಡಿಗಳೆಂದು ಬೈದವರು ಆ ಬೇಲಿಯ ಎರಡೂ ಬದಿಗೆ ಹೋಗಿ ನೋಡಿದವರಲ್ಲ.

ಊರಿನವರು, ವ್ಯಾಪಾರಿಗಳು, ರೈತ ಸಂಘಟನೆಗಳು ಧರಣಿ ಕುಳಿತರು, ಮನವಿ ಕೊಟ್ಟರು. ಹತ್ತಲು ಇಳಿಯಲು ದಾರಿ ಕೊಡಿ, ಸೇವಾ ರಸ್ತೆ ಪೂರ್ತಿ ಮಾಡಿ, ದಾಟಲು ಮೇಲ್ಸೇತುವೆ ಕಟ್ಟಿ ಎಂಬುದು ಬೇಡಿಕೆಯ ಸಾರ. ಪ್ರಾಧಿಕಾರ ಹಿಂದೆಮುಂದೆ ನೋಡುವುದಕ್ಕೆ ಒಂದು ಗುಟ್ಟಿನ ಕಾರಣವಿದೆ, ಅದು ಸುಂಕ. ಮುಖ್ಯ ರಸ್ತೆಯ ಮೇಲೆ ಒಂದೆರಡು ಕಡೆ ಮಾತ್ರ ಗೇಟು ಹಾಕಿ ವಸೂಲಿ ಮಾಡುವ ಪದ್ಧತಿಯಲ್ಲಿ, ಗೇಟು ದಾಟಿದ ಮೇಲೆ ಸೇರಿ ಮುಂದಿನ ಗೇಟಿಗೆ ಮುಂಚೆ ಇಳಿದುಹೋಗುವವನು ಕಾಸು ಕೊಡುವುದಿಲ್ಲ. ಆದ್ದರಿಂದ ಪ್ರತಿ ಹೊಸ ಬಾಗಿಲೂ ಅವರ ಕಣ್ಣಿಗೆ ಒಂದು ತೂತು. ಪ್ರತಿ ಬಾಗಿಲಿಗೂ ಗೇಟು ಹಾಕಿ ಹೋದಷ್ಟು ದೂರಕ್ಕೆ ವಸೂಲಿ ಮಾಡುವ ಪದ್ಧತಿಯಾದರೆ ತೂತಿಲ್ಲ, ಆದರೆ ಖರ್ಚು ಮತ್ತು ಜಾಗ ಹೆಚ್ಚು. ಉಪಗ್ರಹದ ನೆರವಿನಿಂದ ದೂರ ಅಳೆಯುವ ಪ್ರಯೋಗಕ್ಕೆ 2024ರಲ್ಲಿ ಕೇಂದ್ರ ಸರ್ಕಾರ ಆರಿಸಿದ ರಸ್ತೆಗಳಲ್ಲಿ ಈ ಮೈಸೂರು ರಸ್ತೆಯೂ ಒಂದು. ಅದು ಕೈಗೂಡಿದರೆ ತೂತಿನ ಭಯ ಹೋಗುತ್ತದೆ. ಅಲ್ಲಿಯವರೆಗೆ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ನಮ್ಮ ಹಳೆಯ ಗಾದೆ ಕಾನೂನಿಗಿಂತ ಬಲವಾಗಿಯೇ ನಿಲ್ಲುತ್ತದೆ. ಗೇಟಿನಿಂದ 20 ಕಿಲೋಮೀಟರಿನೊಳಗೆ ವಾಸಿಸುವ ಸ್ವಂತ ವಾಹನದವರಿಗೆ 2008ರ ನಿಯಮದಲ್ಲಿ ತಿಂಗಳ ಪಾಸಿನ ಸೌಲಭ್ಯವೇನೋ ಇದೆ. ಹತ್ತಲು ದಾರಿಯೇ ಹತ್ತಿರವಿಲ್ಲದವನು ಪಾಸನ್ನು ಕಿಸೆಯಲ್ಲಿಟ್ಟುಕೊಂಡು ಏನು ಮಾಡಬೇಕು?

ನಮಗೆ ಇದರಲ್ಲಿ ಮುಖ್ಯವೆನಿಸುವುದು ಮನವಿ ಸಲ್ಲಿಸುವ ಹೊತ್ತು. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯಲ್ಲಿ ಜಮೀನು ತೆಗೆದುಕೊಳ್ಳುವ ಪ್ರಕಟಣೆ ಬಂದ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಆ ಹಕ್ಕು ಆ ಜಮೀನಿನಲ್ಲಿ ಹಿತಾಸಕ್ತಿಯುಳ್ಳವರಿಗೆ. ಜಮೀನು ಕಳೆದುಕೊಳ್ಳದೆ ದಾರಿ ಮಾತ್ರ ಕಳೆದುಕೊಳ್ಳುವ ಪೇಟೆಯವನು ಆ ಲೆಕ್ಕಕ್ಕೆ ಬರುವುದಿಲ್ಲ. ನಕ್ಷೆಯಲ್ಲಿ ಗೆರೆ ಎಳೆಯುವಾಗ ಕೇಳದವರು ಕಾಂಕ್ರೀಟು ಗಟ್ಟಿಯಾದ ಮೇಲೆ ಕೇಳಿದರೆ ಅದೇ ಬಾಗಿಲಿಗೆ ಹಲವು ಪಟ್ಟು ಖರ್ಚು. ಅಮೆರಿಕದ ಸಾನ್‌ಫ್ರಾನ್ಸಿಸ್ಕೋ ಜನರು 1959ರಲ್ಲಿ ನಕ್ಷೆ ಕಾಗದದ ಮೇಲಿದ್ದಾಗಲೇ ಎದ್ದು ನಿಂತದ್ದರಿಂದ ಅಲ್ಲಿನ ನಗರಸಭೆ ಏಳು ಹೆದ್ದಾರಿಗಳನ್ನು ಕೈಬಿಟ್ಟಿತು. ಅವರು ಬೇಡವೆಂದರು, ನಮ್ಮವರು ಬೇಕು ಆದರೆ ನಮಗೂ ದಾರಿಯಿರಲಿ ಎನ್ನುತ್ತಾರೆ. ಎರಡನೆಯದು ಹೆಚ್ಚು ಸೌಮ್ಯವಾದ ಬೇಡಿಕೆ, ಆದರೂ ಈಡೇರುವುದು ತಡ.

ಇದೇ ಮಾತು ಕಾಸರಗೋಡಿಗೂ ಸಲ್ಲುತ್ತದೆ. ನಮ್ಮ ಕರಾವಳಿಯ ಸದಸ್ಯರು ರಜೆಗೆ ಹೋದಾಗ ತಲಪಾಡಿಯಿಂದ ದಕ್ಷಿಣಕ್ಕೆ 66ನೇ ರಾಷ್ಟ್ರೀಯ ಹೆದ್ದಾರಿಯನ್ನು ನೋಡಿರುತ್ತಾರೆ. 45 ಮೀಟರು ಅಗಲದ ಪಟ್ಟಿಯಲ್ಲಿ ಆರು ಪಥ, ಎರಡು ಬದಿಗೆ ಸೇವಾ ರಸ್ತೆ, ಹಲವು ಕಡೆ ನಡುವೆ ಆಳೆತ್ತರದ ಗೋಡೆ. ರಸ್ತೆ ಸೊಗಸಾಗಿದೆ, ಸಂಶಯವಿಲ್ಲ. ಆದರೆ ಶಾಲೆ ಗೋಡೆಯ ಆಚೆ, ಮನೆ ಈಚೆ ಆದ ಕಡೆಗಳಲ್ಲಿ ಅಡಿದಾರಿಗಾಗಿ, ಕಾಲ್ಸೇತುವೆಗಾಗಿ ಊರವರು ಕ್ರಿಯಾ ಸಮಿತಿಗಳನ್ನು ಕಟ್ಟಿಕೊಂಡು ಹೋರಾಡಬೇಕಾಯಿತು. ಕಾಮಗಾರಿ ನಡೆಯುತ್ತಿರುವಾಗಲೇ ದನಿಯೆತ್ತುವುದು ಮುಗಿದ ಮೇಲೆ ಎತ್ತುವುದಕ್ಕಿಂತ ವಾಸಿ. ಊರಿನಲ್ಲಿ ಜಾಗವೋ ಮನೆಯೋ ಇರುವ ಸದಸ್ಯರು ಮುಂದಿನ ರಜೆಯಲ್ಲಿ ತಮ್ಮ ಪಂಚಾಯಿತಿಗೆ ಹೋಗಿ, ತಮ್ಮ ಪಕ್ಕದ ಹೆದ್ದಾರಿಯ ನಕ್ಷೆಯಲ್ಲಿ ಹತ್ತುವ ಇಳಿಯುವ ಜಾಗ ಎಲ್ಲೆಲ್ಲಿ ಇದೆ ಎಂದು ಕೇಳಿ ನೋಡಬಹುದು.