ಆಂಗೊವಿಲ್ ಚರ್ಚಿನ ಬೆಂಚುಗಳು

ನಮ್ಮವ್ವಗ ಕಲೆ ಅಂದ್ರ ಆಗಂಗಿಲ್ಲ. ಅರಿಷಿಣ ಬಿದ್ರ ಬಿಸಲಿಗೆ ಹಾಕು, ಎಣ್ಣಿ ಬಿದ್ರ ಕಡ್ಲಿಹಿಟ್ಟು ತಿಕ್ಕು, ರಕ್ತ ಆದ್ರ ತಣ್ಣೀರು. "ರಕ್ತಕ್ಕ ಬಿಸಿನೀರು ಹಾಕಿದಿ ಅಂದ್ರ ಅದು ಅಲ್ಲೇ ಮನಿ ಮಾಡ್ತದ ನೋಡು" ಅಂತ ನಮಗ ಸಣ್ಣಾಗಿನಿಂದ ಹೇಳಿಕೋತ ಬಂದಾಕಿ. ಅಂಥಾಕಿ ಮಗಳಾದ ನಾನು ಫ್ರಾನ್ಸಿನ ಒಂದು ಹಳ್ಳಿ ಚರ್ಚಿನ್ಯಾಗ, 1944ರ ರಕ್ತದ ಕಲಿ ಇರೋ ಬೆಂಚಿನ ಮುಂದ ಅರ್ಧಾ ತಾಸು ನಿಂತು ಬಂದೆ. ಅದರ ಸುದ್ದಿ ಹೇಳಬೇಕು.

ಊರಿನ ಹೆಸರು ಆಂಗೊವಿಲ್-ಓ-ಪ್ಲ್ಯಾಂ. ನಾರ್ಮಂಡಿ ಸೀಮಿ. ಹತ್ತರದ ಪ್ಯಾಟಿ ಕಾರಂತಾಂ (ಹೆಸರು ಕೇಳಿದ ಕೂಡ್ಲೇ ನನಗ ನಮ್ಮ ಕಾರಂತಜ್ಜ ನೆನಪಾದ್ರು, ಏನ್ ಮಾಡೋದು). 2016ರಿಂದ ಈ ಹಳ್ಳಿ ಆ ಊರಿನ ಆಡಳಿತಕ್ಕೇ ಸೇರೇದ. ಹಳ್ಳಿ ಅಂದ್ರ ಏನು, ನಾಕು ಮನಿ, ದನ ಮೇಯೋ ಹೊಲ, ಬೇಲಿ, ನಡುವ ಒಂದು ಸಣ್ಣ ಕಲ್ಲಿನ ಚರ್ಚು. ಮಧ್ಯಯುಗದ್ದು. ಸಂತ ಕಾಸ್ಮಾಸ್, ಸಂತ ಡಾಮಿಯನ್ ಅನ್ನೋ ಅಣ್ಣತಮ್ಮಂದಿರ ಹೆಸರಿಲೆ ಕಟ್ಟಿದ್ದು. ಅವಳಿ-ಜವಳಿ ಇದ್ದ ಅವರಿಬ್ರೂ ವೈದ್ಯರು, ಯಾರ ಕಡೆನೂ ರೊಕ್ಕ ಮುಟ್ಟತಿರಲಿಲ್ಲ ಅಂತ ಪ್ರತೀತಿ. ಈ ಮಾತು ತಲಿಯೊಳಗ ಇಟಗೊಂಡು ಮುಂದ ಓದ್ರಿ.

1944ರ ಜೂನ್ 5ರ ರಾತ್ರಿ ದಾಟಿ 6ರ ನಸುಕಿನ್ಯಾಗ, ಸಮುದ್ರದ ದಂಡಿಗೆ ಹಡಗಿನ ಸೈನ್ಯ ಇಳಿಯೋಕಿಂತ ಮೊದಲ, ಅಮೆರಿಕದ 101ನೇ ಏರ್‌ಬೋರ್ನ್ ಪಡೆಯವರು ವಿಮಾನದಿಂದ ಪ್ಯಾರಾಚೂಟ್ ಕಟಗೊಂಡು ಈ ಸೀಮಿ ಮ್ಯಾಲೆ ಜಿಗದ್ರು. ಮೋಡ ಕವಿದಿತ್ತು, ಕೆಳಗಿಂದ ಜರ್ಮನ್ನರ ಗುಂಡು. ವಿಮಾನಗಳು ಚದುರಿ, ಒಬ್ಬ ಎಲ್ಲೋ, ಇನ್ನೊಬ್ಬ ಎಲ್ಲೋ ಬಿದ್ರು. ಜರ್ಮನ್ನರು ತಗ್ಗಿನ ಹೊಲಕ್ಕೆಲ್ಲಾ ನೀರು ಬಿಟ್ಟು ಜವಳು ಮಾಡಿಟ್ಟಿದ್ರು. ಮೈಮ್ಯಾಲಿನ ಸಾಮಾನಿನ ಭಾರಕ್ಕ ಎಷ್ಟೋ ಹುಡುಗರು ಆ ನೀರಾಗೇ ಮುಳುಗಿ ಹೋದ್ರು.

ಹಂಗ ಜಿಗದವರೊಳಗ ಇಬ್ಬರು ರಾಬರ್ಟ್ ರೈಟ್ ಮತ್ತು ಕೆನೆತ್ ಮೂರ್. 501ನೇ ರೆಜಿಮೆಂಟಿನವರು. ಡಾಕ್ಟರ್ ಅಲ್ಲ ಮತ್ತ, ಬರೇ ಮೆಡಿಕ್, ಅಂದ್ರ ಗಾಯಕ್ಕ ಪಟ್ಟಿ ಕಟ್ಟೋ ಸಿಪಾಯಿಗಳು. ವಯಸ್ಸು ಇಪ್ಪತ್ತರ ಆಸುಪಾಸು. ನಮ್ಮ ಮನಿಯೊಳಗ ಆ ವಯಸ್ಸಿನ ಹುಡುಗರಿಗೆ ಒಂದು ಚಹಾ ಸರಿಯಾಗಿ ಕಾಸಾಕ ಬರಂಗಿಲ್ಲ. ಕೈಯಾಗ ಬಂದೂಕಿಲ್ಲ, ತೋಳಿಗೆ ಕೆಂಪು ಶಿಲುಬೆ ಪಟ್ಟಿ, ಚೀಲದಾಗ ಮಾರ್ಫಿನ್, ಬ್ಯಾಂಡೇಜು, ಇಷ್ಟ. ಈ ಚರ್ಚು ಕಂಡಿತು, ಬಾಗಲಿಗೆ ಕೆಂಪು ಶಿಲುಬೆ ಬಾವುಟ ಕಟ್ಟಿ ಒಳಗ ದವಾಖಾನಿ ಹೂಡಿದ್ರು. ಬೆಂಚುಗಳೇ ಹಾಸಿಗಿ. ಮೂರ್ ಒಂದು ಕೈಗಾಡಿ ಹಿಡಕೊಂಡು ಹೊಲದಾಗ ಬಿದ್ದವರನ್ನ ಹೇರಿಕೊಂಡು ಬಂದ.

ಅವರು ಒಂದ ಒಂದು ನಿಯಮ ಇಟ್ಟಿದ್ರು: ಆಯುಧ ಬಾಗಲ ಹೊರಗ. ಒಳಗ ಬಂದವ ಅಮೆರಿಕದವನೋ ಜರ್ಮನಿಯವನೋ ಕೇಳಂಗಿಲ್ಲ, ಗಾಯ ಎಷ್ಟು ಅನ್ನೋದಷ್ಟ ಲೆಕ್ಕ. ಊರು ಒಮ್ಮೆ ಇವರ ಕೈಯಾಗ, ಒಮ್ಮೆ ಅವರ ಕೈಯಾಗ. ಅಮೆರಿಕನ್ನರು ಹಿಂದ ಸರಿಯೋ ಹೊತ್ತಿನ್ಯಾಗ ಇವರಿಗೂ ಹೊಂಟಬಿಡ್ರಿ ಅನ್ನೋ ಸುದ್ದಿ ಬಂತು. ಇಬ್ರೂ ಹೋಗಲಿಲ್ಲ. ಗಾಯಾಳುಗಳನ್ನ ಬಿಟ್ಟು ಹ್ಯಾಂಗ ಹೋಗೋದು? ಆಮ್ಯಾಲೆ ಜರ್ಮನ್ ಅಧಿಕಾರಿ ಒಬ್ಬ ಬಾಗಲಿಗೆ ಬಂದ. ತಮ್ಮ ಸಿಪಾಯಿಗಳೂ ಅದೇ ಬೆಂಚಿನ ಮ್ಯಾಲೆ ಮಲಗ್ಯಾರ, ಅವರಿಗೂ ಅದೇ ಪಟ್ಟಿ ಕಟ್ಟ್ಯಾರ ಅನ್ನೋದು ನೋಡಿದ. ಏನೂ ಮಾಡದ ಹೊರಗ ಹೋದ.

ನಡುವ ಒಂದು ಗುಂಡು ಮಾಳಗಿ ಹರಕೊಂಡು ಬಂದು ಒಳಗಿನ ನೆಲಕ್ಕ ಬಡಿತು. ಒಡಿಲಿಲ್ಲ. ಸೀಳಿದ ಹಾಸುಗಲ್ಲು ಇನ್ನೂ ಹಂಗ ಅದ, ಕಾಲ ಕೆಳಗ ನೋಡಿಕೋತ ನಡೀಬೇಕು. ಇನ್ನೊಂದು ಸಂಗತಿ ನನಗ ಭಾಳ ಹಿಡಿಸಿತು. ಮರುದಿನ ಗೋಪುರದ ಮ್ಯಾಲಿಂದ ಇಬ್ಬರು ಜರ್ಮನ್ ಸಿಪಾಯಿಗಳು ಇಳದು ಬಂದು ಶರಣಾದ್ರಂತ. ಇಡೀ ಹೊತ್ತು ಅಲ್ಲೇ ಅಡಗಿ ಕೂತಿದ್ರು! ಕೆಳಗ ತಮ್ಮ ಮಂದಿಗೂ ಇವರ ಮಂದಿಗೂ ಒಂದೇ ಉಪಚಾರ ನಡದಿತ್ತು, ಮ್ಯಾಲೆ ಇವರು ಉಸಿರು ಹಿಡಕೊಂಡು ಕೂತಿದ್ರು.

8ನೇ ತಾರೀಖಿನ ಮಟ ಹಿಂಗ ನಡೀತು. 80 ಮಂದಿ ಗಾಯಾಳುಗಳು, ಅದರಾಗ ಊರಿನದೊಂದು ಕೂಸು. ಸತ್ತವರು ಬೆರಳೆಣಿಕಿ ಅಷ್ಟ. ಇಬ್ಬರಿಗೂ ಸಿಲ್ವರ್ ಸ್ಟಾರ್ ಪದಕ ಬಂತು.

ಹತ್ತರದ ಸೇಂತ್-ಮೇರ್-ಎಗ್ಲೀಸ್ ಊರಾಗ ಚರ್ಚಿನ ಶಿಖರಕ್ಕ ಒಂದು ಪ್ಯಾರಾಚೂಟಿನ ಗೊಂಬಿ ಜೋತು ಬಿಟ್ಟಾರ. ಜಾನ್ ಸ್ಟೀಲ್ ಅನ್ನೋ ಸಿಪಾಯಿ ಆ ರಾತ್ರಿ ಅಲ್ಲಿ ಸಿಕ್ಕಿಹಾಕೊಂಡಿದ್ದ, ಅವನ ನೆನಪಿಗೆ. ಬಸ್ಸುಗಟ್ಟಲೆ ಮಂದಿ ಬಂದು ಫೋಟೋ ಹೊಡಕೋತಾರ, ನಾವೂ ಹೊಡಕೊಂಡ್ವಿ. ಖರೇ ಹೇಳಬೇಕಂದ್ರ ನನಗದು ಜಾತ್ರಿ ಆಟಿಗಿ ಕಂಡಂಗ ಕಂಡಿತು. ಆಂಗೊವಿಲ್‌ನ್ಯಾಗ ನಾವು ಹೋದಾಗ ಒಳಗ ಯಾರೂ ಇರಲಿಲ್ಲ. ಯುದ್ಧದಾಗ ಒಡದ ಕಿಟಕಿಗೆ ಆಮ್ಯಾಲೆ ಬಣ್ಣದ ಗಾಜು ಹಾಕ್ಯಾರ, ಪ್ಯಾರಾಚೂಟಿನವರ ನೆನಪಿಗೊಂದು, ಆ ಇಬ್ಬರು ಮೆಡಿಕ್‌ಗಳ ನೆನಪಿಗೊಂದು. ಬಿಸಲು ಬಿದ್ದು ಕಲ್ಲಿನ ಮ್ಯಾಲೆ ಬಣ್ಣ ಚೆಲ್ಲಿತ್ತು.

ಬೆಂಚಿನ ಕಟ್ಟಿಗಿ ಮ್ಯಾಲೆ ಕಲಿ ಈಗ ಕೆಂಪಿಲ್ಲ. ಕಂದು, ಕೆಲವು ಕಡೆ ಕರ್ರಗ, ಹಳೇ ಅಂಟು ಹಿಡದಂಗ. ಗೊತ್ತಿಲ್ಲದವರು ಎಣ್ಣಿ ಚೆಲ್ಲಿರಬೇಕು ಅಂದಾರು. ಬೆಂಚು ದುರಸ್ತಿ ಮಾಡ್ಯಾರ, ಆದ್ರ ಕಲಿ ತಗದಿಲ್ಲ. ಬೇಕಂತಲೇ ಬಿಟ್ಟಾರ.

ಅಲ್ಲಿ ನಿಂತಾಗ ನನಗ ನೆನಪಾದದ್ದು ಯುದ್ಧ ಅಲ್ಲ, ನಮ್ಮಪ್ಪನ ಮೇಜು. ಅಪ್ಪ ಸಾಲಿ ಮಾಸ್ತರು. ಪೇಪರ್ ತಿದ್ದಿ ತಿದ್ದಿ ಮೇಜಿನ ಬಲಗಡೆ ಮೂಲಿಗೆ ಅಂಗೈ ಅಗಲ ಕೆಂಪು ಶಾಯಿ ಕಲಿ ಹಿಡದಿತ್ತು. ಅಪ್ಪ ಹೋದ ಮ್ಯಾಲೆ, ಹೊಸ ಮನಿಗೆ ಒಯ್ಯೋ ಮುಂದ, ಛಂದ ಕಾಣಲಿ ಅಂತ ಬಡಿಗ್ಯಾಗ ಹೇಳಿ ಅದಕ್ಕ ರಂದಾ ಹೊಡಿಸಿ ಪಾಲಿಶ್ ಮಾಡಿಸಿದೆ. ಈಗ ಥಳಥಳ ಅಂತದ. ಅದರ ಮ್ಯಾಲೆ ಟಿವಿ ಇಟ್ಟೀವಿ.

ರೈಟ್ 2013ರಾಗ ತೀರಿಕೊಂಡ. ಅವನ ಆಸಿ ಇದ್ದಂಗ ಅಸ್ಥಿ ತಂದು ಈ ಚರ್ಚಿನ ಅಂಗಳದಾಗೇ ಮಣ್ಣು ಮಾಡ್ಯಾರ. ಕಲ್ಲಿನ ಮ್ಯಾಲೆ ಅವನ ಹೆಸರಿನ ಮೂರು ಅಕ್ಷರ ಅಷ್ಟ, ಆರ್.ಇ.ಡಬ್ಲ್ಯೂ. ಮೂರ್ ಮರುವರ್ಷ ಹೋದ.

ಊರಿಗೆ ಬಂದು ಅವ್ವಗ ಮೊಬೈಲಿನ್ಯಾಗ ಬೆಂಚಿನ ಫೋಟೋ ತೋರಿಸಿದೆ. ಚಷ್ಮಾ ಹಾಕೊಂಡು ಭಾಳೊತ್ತು ನೋಡಿದ್ಲು. "ಆವಾಗಿಂದಾವಾಗ ತಣ್ಣೀರಿಲೆ ಒರಸಿದ್ರ ಹೋಗತಿತ್ತು" ಅಂದ್ಲು. ಆಮ್ಯಾಲೆ, "ಯಾರು ಒರಸ್ತಾರ, ಮಂದಿ ಸಾಯಾಕತ್ತಿದ್ರಲ್ಲ" ಅಂತ ತಾನ ಅಂದು ಫೋನ್ ನನ್ನ ಕೈಯಾಗ ಕೊಟ್ಟು, ಒಲಿ ಮ್ಯಾಲಿನ ಹಾಲು ನೋಡಾಕ ಎದ್ದು ಹೋದ್ಲು.