ಯುದ್ಧಕ್ಕೆಂದು ಹೊರಟು ಗಣಿಗಿಳಿದವರು

1943ರ ಡಿಸೆಂಬರ್ 14. ಬ್ರಿಟನ್ನಿನ ಕಾರ್ಮಿಕ ಮಂತ್ರಿಗಳ ಕಚೇರಿಯಲ್ಲಿ ಒಂದು ಹ್ಯಾಟಿನೊಳಗೆ ಹತ್ತು ಚೀಟಿ ಹಾಕಲಾಗಿತ್ತು. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದು ಚೀಟಿಯಲ್ಲಿ ಒಂದೊಂದು ಅಂಕಿ. ಕಡ್ಡಾಯ ಸೇವೆಗೆ ಹೆಸರು ನೋಂದಾಯಿಸಿದ್ದ ಯುವಕರ ಪೈಕಿ ಯಾರ ಸಂಖ್ಯೆಯ ಕೊನೆಯ ಅಂಕಿ ಚೀಟಿಗೆ ಹೊಂದುತ್ತದೋ ಅವರು ಭೂಸೇನೆಗೂ ಹೋಗುವಂತಿಲ್ಲ, ನೌಕಾಪಡೆಗೂ ಹೋಗುವಂತಿಲ್ಲ. ಅವರು ಹೋಗಬೇಕಾದದ್ದು ಕಲ್ಲಿದ್ದಲ ಗಣಿಗೆ!

ಎರಡನೇ ಮಹಾಯುದ್ಧ ನಾಲ್ಕು ವರ್ಷ ದಾಟಿದ್ದ ಕಾಲವದು. ರೈಲು, ಉಕ್ಕಿನ ಕುಲುಮೆ, ವಿದ್ಯುತ್ತು, ಅಡುಗೆ ಮನೆಯ ಅನಿಲ ಎಲ್ಲಕ್ಕೂ ಬ್ರಿಟನ್ನಿನಲ್ಲಿ ಕಲ್ಲಿದ್ದಲೇ ಆಧಾರ. ನೆಲದಡಿ ಕಲ್ಲಿದ್ದಲಿಗೇನೂ ಬರವಿರಲಿಲ್ಲ. ಬರವಿದ್ದದ್ದು ಅಗೆಯುವ ಕೈಗಳಿಗೆ. ಯುದ್ಧದ ಆರಂಭದಲ್ಲಿ ಗಣಿಯ ಯುವಕರನ್ನು ಸೈನ್ಯಕ್ಕೆ ಸೇರಲು ಬಿಟ್ಟಿದ್ದು ಸರ್ಕಾರ ಮಾಡಿದ ತಪ್ಪು ಲೆಕ್ಕ. ಉಳಿದವರಲ್ಲಿ ಹಲವರು ಹೆಚ್ಚು ಕೂಲಿ ಸಿಗುವ ಯುದ್ಧ ಸಾಮಗ್ರಿ ಕಾರ್ಖಾನೆಗಳ ಕಡೆ ನಡೆದರು. 1943ರ ಮಧ್ಯದ ಹೊತ್ತಿಗೆ ಗಣಿ ಬಿಟ್ಟವರ ಸಂಖ್ಯೆ 36 ಸಾವಿರ ದಾಟಿತ್ತು.

ಆಗಿನ ಕಾರ್ಮಿಕ ಮಂತ್ರಿ ಅರ್ನೆಸ್ಟ್ ಬೆವಿನ್ ಸ್ವತಃ ಕಾರ್ಮಿಕ ಸಂಘದಿಂದ ಬೆಳೆದು ಬಂದವರು. ಸ್ವಯಂಪ್ರೇರಣೆಯಿಂದ ಗಣಿಗೆ ಬನ್ನಿ ಎಂಬ ಕರೆಗೆ ತಕ್ಕಷ್ಟು ಓಗೊಡುವವರಿಲ್ಲದಾಗ ಅವರು ಕಂಡುಕೊಂಡ ದಾರಿಯೇ ಈ ಚೀಟಿ ಎತ್ತುವ ಪದ್ಧತಿ. ಬಡವ, ಬಲ್ಲಿದ, ಓದಿದವ, ಓದದವ ಎಂಬ ಭೇದ ಅದರಲ್ಲಿರಲಿಲ್ಲ. ಹೀಗೆ ಬಂದವರಿಗೆ ಮಂತ್ರಿಯ ಹೆಸರೇ ಅಂಟಿ 'ಬೆವಿನ್ ಹುಡುಗರು' ಎಂದಾಯಿತು. 1948ರವರೆಗೆ ಗಣಿಯಲ್ಲಿ ದುಡಿದ ಇಂಥವರು ಸುಮಾರು 48 ಸಾವಿರ. ಇವರಲ್ಲಿ ತಾವಾಗಿಯೇ ಗಣಿಯನ್ನು ಆರಿಸಿಕೊಂಡವರೂ ಇದ್ದರು.

ಚೀಟಿಯ ನ್ಯಾಯ ಎಲ್ಲರಿಗೂ ಒಂದೇ ಎನ್ನುವುದು ನಿಜವಾದರೂ ಅದರ ಪೆಟ್ಟು ಒಂದೇ ಆಗಿರಲಿಲ್ಲ. ಶಾಲೆಯ ಕೆಡೆಟ್ ದಳದಲ್ಲಿ ವರ್ಷಗಟ್ಟಲೆ ಕವಾಯತು ಮಾಡಿ ವಿಮಾನದ, ಹಡಗಿನ ಕನಸು ಕಟ್ಟಿಕೊಂಡಿದ್ದ ಹುಡುಗರ ಕೈಗೆ ಹದಿನೆಂಟು ತುಂಬುತ್ತಲೇ ಗಣಿಯ ಆದೇಶ ಬಂತು. ಬಹಳಷ್ಟು ಮಂದಿ ಮೇಲ್ಮನವಿ ಸಲ್ಲಿಸಿದರು. ಗಣಿಗೆ ಹೋಗಲೊಪ್ಪದೆ ಜೈಲು ಸೇರಿದವರೂ ಉಂಟು. ಯುದ್ಧಕ್ಕೆ ಹೋಗಲು ಸಿದ್ಧನಿದ್ದವನು ಯುದ್ಧಕ್ಕೆ ಕಳಿಸಲಿಲ್ಲವೆಂದು ಜೈಲಿಗೆ ಹೋದ ವಿಚಿತ್ರವಿದು.

ಆದೇಶ ಒಪ್ಪಿದವರಿಗೆ ಕೆಲವೇ ವಾರಗಳ ತರಬೇತಿ. ಆ ಬಳಿಕ ವಾಸಕ್ಕೆ ತಗಡಿನ ಮಾಡಿನ ಹಾಸ್ಟೆಲು, ಇಲ್ಲವೇ ಊರವರ ಮನೆಯಲ್ಲಿ ಬಾಡಿಗೆ ಕೋಣೆ. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರ ಮನೆಗಳಲ್ಲಿ ಕೇಜಿನ ಅನುಭವವನ್ನು ಹೊಸದಾಗಿ ವಿವರಿಸಬೇಕಿಲ್ಲ. ಪಂಜರದಂಥ ಆ ಪೆಟ್ಟಿಗೆಯಲ್ಲಿ ನಿಂತು ಕತ್ತಲಿಗೆ ಇಳಿಯುವಾಗ ಹೊಟ್ಟೆ ಬಾಯಿಗೆ ಬಂದಂತಾಗುತ್ತದೆ. ಗಣಿಯ ಕುಟುಂಬದಲ್ಲಿ ಹುಟ್ಟಿದವನಿಗೆ ಅಪ್ಪನೋ ಅಣ್ಣನೋ ಜತೆಗಿರುತ್ತಾರೆ. ಅಂಗಡಿಯ ಗುಮಾಸ್ತನಾಗಿದ್ದವನಿಗೆ ಅಲ್ಲಿ ಯಾರಿದ್ದರು? ಕಲ್ಲಿದ್ದಲ ಪದರವನ್ನೇ ಅಗೆಯುವ ನುರಿತ ಕೆಲಸ ಇವರಲ್ಲಿ ಕೆಲವರಿಗಷ್ಟೇ ಸಿಕ್ಕಿತು. ಟ್ರಾಲಿಗಳನ್ನು ಸಾಗಿಸುವುದು, ಅವನ್ನೆಳೆಯುವ ತಟ್ಟುಗಳನ್ನು ನಡೆಸುವುದು ಹೆಚ್ಚಿನವರ ಪಾಲಿಗೆ ಬಂದ ದುಡಿಮೆ. ಪೆಟ್ಟಾಗುವುದಕ್ಕೆ, ಪ್ರಾಣ ಹೋಗುವುದಕ್ಕೆ ಅಷ್ಟೇ ಸಾಕಾಗಿತ್ತು.

ಇಷ್ಟಾದರೂ ಅವರನ್ನು ಹೆಚ್ಚು ನೋಯಿಸಿದ್ದು ಗಣಿಯ ಮೇಲಿನ ಲೋಕ. ಸರ್ಕಾರ ಕೊಟ್ಟದ್ದು ಹೆಲ್ಮೆಟು ಮತ್ತು ಬೂಟು. ಸಮವಸ್ತ್ರವಿಲ್ಲ. ಊರಿನ ಯುವಕರೆಲ್ಲ ಖಾಕಿ ತೊಟ್ಟಿರುವಾಗ ಸಾದಾ ಬಟ್ಟೆಯಲ್ಲಿ ಬೀದಿಗೆ ಬಂದ ಗಟ್ಟಿಮುಟ್ಟಾದ ಹುಡುಗ ಜನರ ಕಣ್ಣಿಗೆ ಪುಕ್ಕಲನಾಗಿ ಕಂಡ. ಸೈನ್ಯ ಬಿಟ್ಟು ಓಡಿ ಬಂದವನಿರಬೇಕೆಂದು ಪೊಲೀಸರು ತಡೆದು ವಿಚಾರಿಸಿದರು. ಅದಕ್ಕೆ ಒಂದು ವರ್ಷ ಹಿಂದೆಯಷ್ಟೇ, 1942ರ ಅಕ್ಟೋಬರಿನಲ್ಲಿ, ಪ್ರಧಾನಿ ಚರ್ಚಿಲ್ ಗಣಿ ಕಾರ್ಮಿಕರ ಪ್ರತಿನಿಧಿಗಳ ಮುಂದೆ ಮಾತನಾಡಿ, ಮುಂದೆ ಯುದ್ಧದ ಕಥೆ ಹೇಳುವ ದಿನ ಬಂದಾಗ ಕಲ್ಲಿದ್ದಲು ಕಡಿದವನೂ ಸೈನಿಕನಷ್ಟೇ ಹೆಮ್ಮೆಪಡಬಹುದು ಎಂಬರ್ಥದ ಮಾತು ಹೇಳಿದ್ದರು. ಆ ಮಾತು ಬೀದಿಗೆ ಇಳಿದಿರಲಿಲ್ಲ.

ಸರ್ಕಾರದ ನಡೆಯೂ ಮಾತಿಗೆ ತಕ್ಕಂತಿರಲಿಲ್ಲ. ಅವರನ್ನು ಕರೆಸಿಕೊಂಡದ್ದು ಸೈನಿಕನನ್ನು ಕರೆಸಿಕೊಂಡ ಅದೇ ರಾಷ್ಟ್ರಸೇವೆಯ ಏರ್ಪಾಡಿನಡಿ. ಕಳಿಸಿಕೊಟ್ಟದ್ದು ಮಾತ್ರ ಕೂಲಿ ಮುಗಿದ ಆಳನ್ನು ಕಳಿಸಿದಂತೆ. ಪದಕವಿಲ್ಲ. ಹಿಂದೆ ಮಾಡುತ್ತಿದ್ದ ಉದ್ಯೋಗಕ್ಕೆ ಮರಳುವ ಹಕ್ಕು ಸೈನಿಕರಿಗಿತ್ತು, ಇವರಿಗಿರಲಿಲ್ಲ.

ಕಲ್ಲಿದ್ದಲ ಅಭಾವ ಬ್ರಿಟನ್ನಿಗೆ ಸೀಮಿತವಾಗಿರಲಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತದಲ್ಲೂ ಗಣಿ ಕೂಲಿಗಳು ಹೆಚ್ಚು ಸಂಬಳ ಕೊಡುತ್ತಿದ್ದ ಸೇನಾ ಕಾಮಗಾರಿಗಳತ್ತ ಹೋಗಿದ್ದರು. ಇಲ್ಲಿ ಚೀಟಿ ಎತ್ತಲಿಲ್ಲ. ಹೆಂಗಸರು ನೆಲದಡಿಯ ಗಣಿಗೆ ಇಳಿಯಬಾರದೆಂಬ ನಿಷೇಧವನ್ನೇ 1943ರಲ್ಲಿ ಸಡಿಲಿಸಲಾಯಿತು. ಬಂಗಾಳ, ಬಿಹಾರ, ಮಧ್ಯ ಪ್ರಾಂತ್ಯದ ಗಣಿಗಳಿಗೆ ಹೆಣ್ಣುಮಕ್ಕಳು ಇಳಿದರು. ವೈಸ್‌ರಾಯ್ ಕಾರ್ಯಾಂಗ ಮಂಡಲಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದವರು ಡಾ. ಬಿ.ಆರ್. ಅಂಬೇಡ್ಕರ್. 1944ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಇದಕ್ಕೆ ಆಕ್ಷೇಪ ಬಂದಾಗ ಅವರು ಇದು ತುರ್ತು ಕಾಲದ ಕ್ರಮವೆಂದರು, ಒಂದೇ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ ಎಂಬ ತತ್ವವನ್ನು ಎತ್ತಿಹಿಡಿದರು. 1946ರಲ್ಲಿ ನಿಷೇಧ ಮತ್ತೆ ಜಾರಿಗೆ ಬಂತು. ಆ ಹೆಂಗಸರು ಮಾಡಿದ್ದು ಯಾವ ದೇಶದ ಸೇವೆ ಎಂಬುದು ಬ್ರಿಟನ್ನಿನ ಹುಡುಗರ ವಿಷಯದಷ್ಟು ಸುಲಭದ ಪ್ರಶ್ನೆಯಲ್ಲ. ಯುದ್ಧಕ್ಕೆ ಬೇಕಾದ ಕಲ್ಲಿದ್ದಲನ್ನಂತೂ ಅವರು ಹೊತ್ತರು.

ಬೆವಿನ್ ಹುಡುಗರು ಸುಮ್ಮನೆ ಕೂರಲಿಲ್ಲ. ಮುದುಕರಾದ ಮೇಲೆ ಸಂಘ ಕಟ್ಟಿ ಮನ್ನಣೆ ಕೇಳಿದರು. 1995ರಲ್ಲಿ, ಯುರೋಪಿನ ವಿಜಯಕ್ಕೆ 50 ವರ್ಷ ತುಂಬಿದಾಗ, ರಾಣಿ ಎಲಿಜಬೆತ್ ಅವರ ಸೇವೆಯನ್ನು ಹೆಸರಿಸಿ ಸ್ಮರಿಸಿದರು. 1998ರಲ್ಲಿ ಲಂಡನ್ನಿನ ಯುದ್ಧ ಸ್ಮಾರಕದೆದುರು ನಡೆಯುವ ವಾರ್ಷಿಕ ಮೆರವಣಿಗೆಯಲ್ಲಿ ಹೆಜ್ಜೆ ಹಾಕಲು ಅವಕಾಶವಾಯಿತು. 2008ರ ಮಾರ್ಚಿನಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಮೊದಲ ಬ್ಯಾಡ್ಜುಗಳನ್ನು ವಿತರಿಸಿದರು. ಚೀಟಿ ಎತ್ತಿ ಆಗ 64 ವರ್ಷ ಕಳೆದಿತ್ತು. ಬದುಕಿದ್ದವರ ವಯಸ್ಸು ಎಂಬತ್ತು ದಾಟಿತ್ತು.

2013ರ ಮೇ 7ರಂದು ಸ್ಟಾಫರ್ಡ್‌ಶೈರಿನ ರಾಷ್ಟ್ರೀಯ ಸ್ಮಾರಕ ವನದಲ್ಲಿ ಅವರ ಸ್ಮಾರಕ ಅನಾವರಣಗೊಂಡಿತು. ಅದನ್ನು ವಿನ್ಯಾಸ ಮಾಡಿದವರೂ ಒಬ್ಬ ಬೆವಿನ್ ಹುಡುಗ, ಹ್ಯಾರಿ ಪಾರ್ಕ್ಸ್. ಬಳಸಿದ ಕಲ್ಲು ಐರ್ಲೆಂಡಿನ ಕಿಲ್ಕೆನಿಯದು. ಗಾಳಿ ಮಳೆಗೆ ಒಡ್ಡಿಕೊಂಡು ಕ್ರಮೇಣ ಕಲ್ಲಿದ್ದಲಿನ ಹಾಗೆ ಕಪ್ಪಾಗಲೆಂದೇ ಆ ಕಲ್ಲನ್ನು ಆರಿಸಿದ್ದಂತೆ.